ನಿಂತ ವಾಹನದ ಪ್ರಥಮಚಲನ: ಒಂದು ಕಾರಣವಿಚಾರ

೧

ಶಿವಮೊಗ್ಗೆಗೂ ಭದ್ರಾವತಿಗೂ ನಡುವೆ, ಹೆದ್ದಾರಿಯ ಮೇಲೆ, ಮಾಚೇನಹಳ್ಳಿ ಎಂಬ ಗ್ರಾಮವುಂಟು. ಈ ಪ್ರಾಂತಕ್ಕೆ ಯಂತ್ರವಾಹನಗಳ ಪರಿಚಯವು ಹೊಸತಲ್ಲ. ಬೀರೂರಿನಿಂದ ಶಿವಮೊಗ್ಗೆಗೆ ರೈಲುಮಾರ್ಗವು ೧೮೯೯ರಲ್ಲಿ ತೆರೆಯಲ್ಪಟ್ಟಿತು. ಪೂರ್ವದಲ್ಲಿ ಬೆಂಕಿಪುರವೆಂದು ಹೆಸರಾಗಿದ್ದ ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯು ೧೯೨೩ರಲ್ಲಿ ಕೆಲಸವನ್ನಾರಂಭಿಸಿತು. ಈಗ ಮಾಚೇನಹಳ್ಳಿಯೇ ಒಂದು ಕೈಗಾರಿಕಾ ಪ್ರದೇಶವಾಗಿದ್ದು, ಭಾರವನ್ನು ಹೊತ್ತ ಲಾರಿಗಳು ಹಗಲಿರುಳು ಅಲ್ಲಿಂದ ಹೊರಡುತ್ತಿರುತ್ತವೆ.

ಇಂತಹ ಒಂದು ಲಾರಿಯನ್ನು ದೃಷ್ಟಾಂತವಾಗಿ ಕಲ್ಪಿಸಿಕೊಳ್ಳಬಹುದು. ಎರಕದ ಸಾಮಾನನ್ನು ತುಂಬಿಕೊಂಡು ರಾತ್ರಿಯೆಲ್ಲ ರಸ್ತೆಯ ಅಂಚಿನಲ್ಲಿ ನಿಂತಿದ್ದ ಅದು ಬೆಳಗಾದ ಮೇಲೆ ಹೊರಡಲೊಲ್ಲದು. ಎಂಜಿನು ಸರಿಯಾಗಿಯೇ ಸದ್ದು ಮಾಡುತ್ತದೆ, ಗೇರು ಬೀಳುತ್ತದೆ, ಚಾಲಕನು ಕ್ಲಚ್ಚನ್ನು ಬಿಡುತ್ತಲೇ ಗಾಡಿಯು ಒಂದು ಸಲ ಮೈಜಗ್ಗಿ ಅಲ್ಲಿಯೇ ನಿಲ್ಲುತ್ತದೆ. ಚಾಲಕನು ಆಕ್ಸಿಲರೇಟರನ್ನು ಇನ್ನಷ್ಟು ಒತ್ತುತ್ತಾನೆ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆಯು ಮೂಗಿಗೆ ಬಡಿಯುತ್ತದೆ. ಕರೆಯಿಸಲ್ಪಟ್ಟ ಮೆಕ್ಯಾನಿಕನು ಕ್ಲಚ್ಚಿನ ಪ್ಲೇಟು ಸುಟ್ಟಿರುವುದನ್ನು ಕಂಡು, ಅದನ್ನೇ ಕಾರಣವೆಂದು ನಿಶ್ಚಯಿಸಿ, ಹೊಸ ಪ್ಲೇಟನ್ನು ಹಾಕುತ್ತಾನೆ. ಲಾರಿಯು ಹೇಗೋ ಕದಲುತ್ತದೆ; ಆದರೆ ಕೆಲವೇ ದಿನಗಳಲ್ಲಿ ಹೊಸ ಪ್ಲೇಟೂ ಸುಡುತ್ತದೆ. ಒಡೆಯನಿಗೆ ಹಣವೂ ಹೋಯಿತು, ಬಾಡಿಗೆಯೂ ಹೋಯಿತು. ಇಲ್ಲಿ ನಡೆದಿರುವುದು ತರ್ಕದ ಪ್ರಮಾದ: ಕಾರ್ಯವನ್ನೇ ಕಾರಣವೆಂದು ಭ್ರಮಿಸಿದುದು. ಈ ಪ್ರಮಾದವು ಹೇಗೆ ಒದಗುವುದು, ಅದನ್ನು ಪರಿಹರಿಸುವ ಕ್ರಮವೇನು ಎಂಬುದೇ ಇಲ್ಲಿಯ ವಿಚಾರಣೀಯ ವಿಷಯ.

೨

ರೋಗಿಯ ಪರೀಕ್ಷೆಗೆ ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ಸಾಧನಗಳನ್ನು ವಾಗ್ಭಟನು ಹೇಳಿರುವನು. ವಾಹನವು ಮಾತನಾಡಲಾರದಾದ್ದರಿಂದ ಪ್ರಶ್ನಕ್ಕೆ ಉತ್ತರ ಕೊಡಬೇಕಾದವನು ಚಾಲಕನು. ಆದುದರಿಂದ ಅವನ ಮಾತಿನ ಖಚಿತತೆಯೇ ಪರೀಕ್ಷೆಯ ಮೊದಲನೆಯ ಮೆಟ್ಟಿಲು. 'ಗಾಡಿ ಹೋಗುತ್ತಿಲ್ಲ' ಎಂದಷ್ಟೇ ಹೇಳಿದರೆ ಏನನ್ನೂ ಹೇಳಿದಂತಾಗಲಿಲ್ಲ. ಈ ವಿಷಯದಲ್ಲಿ ಕನ್ನಡವು ಬಡಭಾಷೆಯಲ್ಲ. ಮಿಸುಕು, ಅಲುಗು, ಕದಲು, ಹೊರಡು, ಸಾಗು ಎಂಬ ಕ್ರಿಯಾಪದಗಳನ್ನು ನಿಘಂಟುಗಳಲ್ಲಿ ಒಂದರ ಅರ್ಥಕ್ಕೆ ಇನ್ನೊಂದನ್ನು ಕೊಟ್ಟಿದ್ದರೂ ಬಳಕೆಯಲ್ಲಿ ಇವು ಪರ್ಯಾಯಗಳಲ್ಲ. ಇದ್ದೆಡೆಯಲ್ಲಿಯೇ ಕಿಂಚಿತ್ತಾಗಿ ಆಡುವುದು ಮಿಸುಕುವುದು. ನೆಲೆಯನ್ನು ಬಿಡದೆ ಮೈ ತೂಗುವುದು ಅಲುಗುವುದು. ನೆಲೆಯನ್ನು ಬಿಡುವುದು ಕದಲುವುದು. ಕದಲಿ ದಾರಿ ಹಿಡಿಯುವುದು ಹೊರಡುವುದು. ಹಿಡಿದ ದಾರಿಯಲ್ಲಿ ಮುಂದುವರಿಯುವುದು ಸಾಗುವುದು. ಹೊರಡುವಾಗ ಬಲವು ಬಂದು ಬಂದು ಹೋದರೆ ತಡವರಿಸುವುದೆಂದೂ, ಮುಂದಕ್ಕೆ ಎಗರಿ ಹಿಂದಕ್ಕೆ ಜಗ್ಗಿದರೆ ಮುಗ್ಗರಿಸುವುದೆಂದೂ ಹೇಳುವರು.

ಮಿಸುಕದ ಗಾಡಿಯ ದೋಷ ಬೇರೆ, ಅಲುಗಿ ಕದಲದ ಗಾಡಿಯ ದೋಷ ಬೇರೆ, ಕದಲಿ ತಡವರಿಸುವ ಗಾಡಿಯ ದೋಷ ಬೇರೆ. ಎಂಜಿನು ಕೂಗಿದರೂ ಗಾಡಿಯು ಮಿಸುಕದಿದ್ದರೆ ಬಲವು ಚಕ್ರವನ್ನು ಮುಟ್ಟಿಯೇ ಇಲ್ಲವೆಂದು ಊಹಿಸಬಹುದು. ಮೈ ಅಲುಗಿದರೆ ಬಲವು ಮುಟ್ಟಿದೆ, ಆದರೆ ಏನೋ ಹಿಡಿದಿದೆ. ತಡವರಿಸಿದರೆ ಬಲವು ಹುಟ್ಟುವ ಸ್ಥಳದಲ್ಲಿಯೇ ಸಂಶಯ. ಸರಿಯಾದ ಕ್ರಿಯಾಪದವನ್ನು ಆರಿಸಿಕೊಂಡ ಚಾಲಕನು ಅರಿಯದೆಯೇ ಅರ್ಧ ನಿದಾನವನ್ನು ಮುಗಿಸಿರುತ್ತಾನೆ.

ಎತ್ತಿನ ಗಾಡಿಯ ಕಾಲದಲ್ಲಿಯೂ ಈ ವಿವೇಕವಿತ್ತು. ಗಾಡಿಯು ಹೊರಡದಿದ್ದರೆ ಗಾಡಿಯವನು ಮೊದಲು ಎತ್ತುಗಳನ್ನು ಹೊಡೆಯುತ್ತಿರಲಿಲ್ಲ. ಇಳಿದು ಗಾಲಿಯ ಮುಂದೆ ಕಲ್ಲಿದೆಯೇ ಎಂದು ನೋಡುತ್ತಿದ್ದನು, ಅಚ್ಚಿಗೆ ಕೀಲೆಣ್ಣೆಯಿದೆಯೇ ಎಂದು ಪರೀಕ್ಷಿಸುತ್ತಿದ್ದನು, ಬಳಿಕ ಗಾಲಿಗೆ ಹೆಗಲು ಕೊಡುತ್ತಿದ್ದನು. ದೊಡ್ಡ ತೇರನ್ನು ಎಳೆಯುವಾಗಲೂ ಹಗ್ಗಕ್ಕೆ ಕೈ ಹಾಕಿದವರ ಸಂಖ್ಯೆಯೊಂದೇ ಸಾಲದು. ಗಾಲಿಗೆ ಕೊಟ್ಟಿದ್ದ ಮರದ ಬೆಣೆಯನ್ನು ತೆಗೆದು, ಹಿಂದಿನಿಂದ ಸನ್ನೆಕೋಲು ಹಾಕಿ ಮೀಟಿದ ಮೇಲೆಯೇ ತೇರು ಕದಲುವುದು. ಒಮ್ಮೆ ಕದಲಿದರೆ ಅಷ್ಟು ಸನ್ನೆ ಬೇಕಾಗುವುದಿಲ್ಲ.

೩

ಒಮ್ಮೆ ಕದಲಿದ ಮೇಲೆ ಬೇಕಾಗದ ಬಲವು ಮೊದಲು ಏಕೆ ಬೇಕಾಗುವುದು? ವೈಶೇಷಿಕದರ್ಶನದಲ್ಲಿ ಚಲನಕ್ಕೆ 'ಕರ್ಮ'ವೆಂದು ಪರಿಭಾಷೆ. ಕಣಾದನು ತನ್ನ ಸೂತ್ರಗಳ ಐದನೆಯ ಅಧ್ಯಾಯದಲ್ಲಿ ಇದನ್ನು ವಿಚಾರಿಸಿರುವನು, ಪ್ರಶಸ್ತಪಾದನು ವಿಸ್ತರಿಸಿರುವನು. ಬಿಲ್ಲಿನಿಂದ ಬಿಟ್ಟ ಬಾಣವು ಅವರ ಪ್ರಸಿದ್ಧ ಉದಾಹರಣೆ. ಬಾಣದ ಮೊದಲನೆಯ ಕರ್ಮವು ನೋದನದಿಂದ, ಅರ್ಥಾತ್ ಅಂಟಿಕೊಂಡಿದ್ದು ತಳ್ಳುವ ಸಂಯೋಗದಿಂದ, ಹುಟ್ಟುತ್ತದೆ. ಆ ಕರ್ಮವು ಬಾಣದಲ್ಲಿ ವೇಗವೆಂಬ ಸಂಸ್ಕಾರವನ್ನುಂಟುಮಾಡುತ್ತದೆ. ಮುಂದಿನ ಕರ್ಮಗಳಿಗೆ ಆ ವೇಗವೇ ಕಾರಣ. ಹೀಗಿರುವಲ್ಲಿ ನಿಂತ ವಸ್ತುವಿಗೆ ವೇಗದ ಸಹಾಯವಿಲ್ಲವೆಂಬುದು ಸಿದ್ಧವಾಯಿತು. ನೋದನವು ಒಂದರಿಂದ ಒಂದಕ್ಕೆ ದಾಟಿ ದೂರದ ವಸ್ತುವನ್ನು ಚಲಿಸುವಂತೆ ಮಾಡಿದರೆ ಅದನ್ನು 'ಸಂಯುಕ್ತಸಂಯೋಗ'ವೆನ್ನುವರು.

ಆಧುನಿಕ ಭೌತವಿಜ್ಞಾನವು ಈ ವರ್ಣನೆಯನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ೧೬೮೭ರಲ್ಲಿ ಪ್ರಕಟವಾದ ನ್ಯೂಟನ್ನನ ಗ್ರಂಥದ ಪ್ರಕಾರ ಒಂದೇ ಸಮನಾದ ಚಲನಕ್ಕೆ ಕಾರಣವೇ ಬೇಕಿಲ್ಲ. ಚಲನದ ಬದಲಾವಣೆಗೆ ಮಾತ್ರ ಬೇಕು. ಪ್ರಥಮಚಲನದ ಕಷ್ಟಕ್ಕೆ ಇನ್ನೊಂದು ಹೇತುವನ್ನು ಫ್ರಾನ್ಸಿನ ಕುಲೋಂ ಮೊದಲಾದವರು ಹದಿನೆಂಟನೆಯ ಶತಮಾನದಲ್ಲಿ ಅಳೆದು ತೋರಿಸಿದರು: ಒಂದನ್ನೊಂದು ಒತ್ತಿಕೊಂಡು ನಿಂತ ಎರಡು ಮೈಗಳ ಘರ್ಷಣೆಯು, ಜಾರುತ್ತಿರುವ ಮೈಗಳ ಘರ್ಷಣೆಗಿಂತ ಸಾಮಾನ್ಯವಾಗಿ ಹೆಚ್ಚು. ಆದುದರಿಂದ ಪೂರ್ವಿಕರಿಗೆ ಮೋಟಾರಿನ ರಹಸ್ಯವು ತಿಳಿದಿತ್ತೆಂದು ಹೇಳುವುದು ಪ್ರಕೃತ ಉದ್ದೇಶವಲ್ಲ. ಪ್ರಥಮಚಲನವನ್ನು ಉಳಿದ ಚಲನಗಳಿಂದ ಬೇರ್ಪಡಿಸಿ ವಿಚಾರಿಸಬೇಕೆಂಬ ಅವರ ವಿವೇಕವು ಮಾತ್ರ ಇಲ್ಲಿ ಗ್ರಾಹ್ಯ.

ವಾಹನಗಳಲ್ಲಿಯೂ ಈ ವಿಷಯದಲ್ಲಿ ಭೇದವುಂಟು. ಉಗಿಯು ನಿಂತ ಕೊಂತವನ್ನೂ ತಳ್ಳಬಲ್ಲುದಾದ್ದರಿಂದ ಉಗಿಬಂಡಿಯು ನಿಂತಲ್ಲಿಂದಲೇ ಪೂರ್ಣಬಲದಿಂದ ಎಳೆಯುತ್ತಿತ್ತು. ಹಳಿಯ ಮೇಲೆ ಚಕ್ರವು ಜಾರಿದರೆ ಮರಳನ್ನು ಉದುರಿಸುವ ಏರ್ಪಾಡೂ ಇತ್ತು. ಪೆಟ್ರೋಲು ಡೀಸೆಲುಗಳಿಂದ ನಡೆಯುವ ಎಂಜಿನಿಗೆ ಈ ಶಕ್ತಿಯಿಲ್ಲ. ಅದು ತಾನು ತಿರುಗುತ್ತಿದ್ದರೆ ಮಾತ್ರ ಬಲವನ್ನು ಕೊಡಬಲ್ಲುದು. ವಾಹನವು ನಿಂತಿರುವಾಗಲೂ ಲಾರಿಯ ಎಂಜಿನು ನಿಮಿಷಕ್ಕೆ ಸುಮಾರು ೬೦೦ರಿಂದ ೮೦೦ ಸುತ್ತುಗಳನ್ನು ತಿರುಗುತ್ತಿರಬೇಕು. ತಿರುಗುವುದನ್ನು ನಿಂತಿರುವುದಕ್ಕೆ ಮೆಲ್ಲನೆ ಕೂಡಿಸುವ ಸಾಧನವೇ ಕ್ಲಚ್ಚು. ಎಂಜಿನಿನ ಚಕ್ರಕ್ಕೂ ಗೇರಿನ ದಂಡಕ್ಕೂ ನಡುವೆ ಇರುವ ಪ್ಲೇಟು ಮೊದಲು ಜಾರುತ್ತ, ಬರಬರುತ್ತ ಹಿಡಿಯುತ್ತ, ಕೊನೆಗೆ ಎರಡನ್ನೂ ಒಂದಾಗಿ ಮಾಡುತ್ತದೆ. ಆ ಜಾರುವ ಅವಧಿಯಲ್ಲಿ ಶಾಖವು ಹುಟ್ಟಿಯೇ ತೀರುವುದು. ಆ ಅವಧಿಯು ಕ್ಷಣಮಾತ್ರವಾದರೆ ಬಾಧಕವಿಲ್ಲ. ದೀರ್ಘವಾದರೆ ಪ್ಲೇಟು ಸುಡುವುದು. ಮಾಚೇನಹಳ್ಳಿಯ ದೃಷ್ಟಾಂತದಲ್ಲಿ ಪ್ಲೇಟು ಸುಟ್ಟುದು ಹೀಗೆ. ಆದರೆ ಜಾರುವ ಅವಧಿಯು ಏಕೆ ದೀರ್ಘವಾಯಿತೆಂಬುದು ಇನ್ನೂ ಉಳಿದ ಪ್ರಶ್ನೆ.

೪

ನೈಯಾಯಿಕರು ಕಾರ್ಯೋತ್ಪತ್ತಿಗೆ ಒಂದೇ ಕಾರಣವನ್ನು ಹೇಳದೆ ಕಾರಣಗಳ ಸಾಮಗ್ರಿಯನ್ನು, ಅರ್ಥಾತ್ ಅವುಗಳ ಪೂರ್ಣಸಮುದಾಯವನ್ನು, ಹೇಳುವರು. ಬೆಂಕಿಯಿದ್ದರೂ ಚಂದ್ರಕಾಂತವೆಂಬ ಮಣಿಯು ಬಳಿಯಲ್ಲಿದ್ದರೆ ದಾಹವು ಹುಟ್ಟುವುದಿಲ್ಲವೆಂಬುದು ಶಾಸ್ತ್ರಪ್ರಸಿದ್ಧವಾದ ಉದಾಹರಣೆ. ಮಣಿಯ ನಿಜವು ಹೇಗೇ ಇರಲಿ, ಅದರಿಂದ ತೋರಿಸಿದ ತತ್ತ್ವವು ಸ್ಪಷ್ಟ: ಪ್ರತಿಬಂಧಕವಿಲ್ಲದಿರುವುದೂ ಕಾರ್ಯಕ್ಕೆ ಆವಶ್ಯಕ. ಆದುದರಿಂದ ಕಾರ್ಯವು ಹುಟ್ಟದಿದ್ದರೆ ಎರಡೇ ಪಕ್ಷಗಳು. ಬೇಕಾದುದು ಯಾವುದೋ ಇಲ್ಲ, ಇದು ಸಾಮಗ್ರೀವೈಕಲ್ಯ. ಬೇಡವಾದುದು ಯಾವುದೋ ಇದೆ, ಇದು ಪ್ರತಿಬಂಧಕಸದ್ಭಾವ. ನಿಂತ ವಾಹನವನ್ನು ಪರೀಕ್ಷಿಸುವವನ ಮೊದಲನೆಯ ಪ್ರಶ್ನೆಯು ಈ ಎರಡರಲ್ಲಿ ಯಾವುದೆಂಬುದು. ಏಕೆಂದರೆ ಒಂದರ ಚಿಕಿತ್ಸೆಯು ಇನ್ನೊಂದಕ್ಕೆ ವಿಷವಾಗುವುದು. ವೈಕಲ್ಯವಿದ್ದರೆ ಬಲವನ್ನು ಕೂಡಿಸಬೇಕು. ಪ್ರತಿಬಂಧಕವಿದ್ದಾಗ ಬಲವನ್ನು ಕೂಡಿಸಿದರೆ ಆ ಬಲವೆಲ್ಲ ನಡುವಿನ ದುರ್ಬಲವಾದ ಅಂಗವನ್ನು ಹಾಳುಮಾಡುವುದು.

ಮಹಾಭಾರತದ ಕರ್ಣಪರ್ವದಲ್ಲಿ, ಕನ್ನಡದಲ್ಲಿ ಪಂಪನಿಂದಲೂ ಕುಮಾರವ್ಯಾಸನಿಂದಲೂ ವರ್ಣಿಸಲ್ಪಟ್ಟ ಪ್ರಸಂಗದಲ್ಲಿ, ಕರ್ಣನ ರಥವು ನಿಂತುದನ್ನು ಈ ದೃಷ್ಟಿಯಿಂದ ನೋಡಬಹುದು. ಕುದುರೆಗಳಿವೆ, ಸಾರಥಿಯು ಸಾಮಾನ್ಯನಲ್ಲ, ಶಲ್ಯನು, ಸಾಮಗ್ರಿಯಲ್ಲಿ ವೈಕಲ್ಯವಿಲ್ಲ. ಭೂಮಿಯು ಗಾಲಿಯನ್ನು ನುಂಗಿದೆ; ಇದು ಪ್ರತಿಬಂಧಕ. ಕರ್ಣನು ಕುದುರೆಗಳನ್ನು ಚಪ್ಪರಿಸುತ್ತ ಕುಳಿತಿರದೆ ರಥದಿಂದಿಳಿದು ಗಾಲಿಗೆ ಕೈ ಹಾಕಿದನು. ಅವನ ನಿದಾನವು ಸರಿಯಾಗಿತ್ತು. ಅವನಿಗೆ ಇಲ್ಲದಿದ್ದುದು ಕಾಲಾವಕಾಶ. ಬೋಧಕರು ಈ ಪ್ರಸಂಗವನ್ನು ಪಾಠ ಹೇಳುವಾಗ ಶಾಪ, ವಿಧಿಗಳ ಜತೆಯಲ್ಲಿ ಇದನ್ನೂ ಗಮನಿಸಿದರೆ ಕರ್ಣನ ಧೈರ್ಯಕ್ಕೆ ವಿವೇಕವೂ ಕೂಡಿದ್ದುದು ಗೋಚರವಾಗುವುದು.

ಇಲ್ಲಿ ಒಂದು ಸೂಕ್ಷ್ಮವುಂಟು. ವಸ್ತುವೊಂದು ಸ್ವಭಾವದಿಂದ ಕಾರಣವೆಂದಾಗಲಿ ಪ್ರತಿಬಂಧಕವೆಂದಾಗಲಿ ಹೇಳಲಾಗದು. ಘರ್ಷಣೆಯನ್ನೇ ತೆಗೆದುಕೊಳ್ಳಬಹುದು. ಕ್ಲಚ್ಚಿನಲ್ಲಿ ಘರ್ಷಣೆಯಿಲ್ಲದಿದ್ದರೆ ಬಲವು ಗೇರಿಗೆ ದಾಟದು. ನೆಲಕ್ಕೂ ಚಕ್ರಕ್ಕೂ ಘರ್ಷಣೆಯಿಲ್ಲದಿದ್ದರೆ ಮಲೆನಾಡಿನ ಕೆಸರಿನಲ್ಲಿ ಕಾಣುವಂತೆ ಚಕ್ರವು ಇದ್ದಲ್ಲಿಯೇ ಸುತ್ತುವುದು. ಈ ಎರಡೆಡೆಗಳಲ್ಲಿ ಅದು ಕಾರಣ. ಬ್ರೇಕಿನಲ್ಲಿ ಅದೇ ಘರ್ಷಣೆಯು ಪ್ರತಿಬಂಧಕ. ಗಾಳಿಯೂ ಹಾಗೆಯೇ. ಡೀಸೆಲಿನ ಕೊಳವೆಯಲ್ಲಿ ಗಾಳಿಯು ಸೇರಿದರೆ ಮೆಕ್ಯಾನಿಕರು 'ಏರು ಹಿಡಿದಿದೆ' ಎನ್ನುವರು, ಎಂಜಿನು ಸೊರಗುವುದು. ಗಾಳಿಯ ಬ್ರೇಕುಳ್ಳ ಲಾರಿಯಲ್ಲಿ ಗಾಳಿಯು ಸಾಲದಿದ್ದರೆ ಗಾಡಿಯು ಕದಲುವುದೇ ಇಲ್ಲ. ಒಂದೆಡೆ ಇದ್ದುದರಿಂದ ಕೆಡುಕು, ಇನ್ನೊಂದೆಡೆ ಇಲ್ಲದುದರಿಂದ ಕೆಡುಕು. ಸ್ಥಾನವನ್ನು ತಿಳಿಯದೆ ದೋಷವನ್ನು ಹೇಳಲಾಗದು.

೫

ಇನ್ನು ಪರೀಕ್ಷೆಯ ಕ್ರಮ. ಎಂಜಿನಿನಿಂದ ನೆಲದವರೆಗೆ ಬಲವು ಕ್ಲಚ್ಚು, ಗೇರುಪೆಟ್ಟಿಗೆ, ಉದ್ದವಾದ ಪ್ರೊಪೆಲ್ಲರ್ ಶಾಫ್ಟು, ಹಿಂದಿನ ಅಚ್ಚು, ಚಕ್ರ ಎಂಬ ಸಂಯುಕ್ತಸಂಯೋಗಗಳ ಸರಪಳಿಯಲ್ಲಿ ದಾಟಿ ಬರಬೇಕು. ಸರಪಳಿಯನ್ನು ಪೂರ್ತಿಯಾಗಿ ಬಿಚ್ಚದೆ, ಎಲ್ಲಿಯವರೆಗೆ ಬಲವು ಬಂದಿದೆಯೆಂಬುದನ್ನು ಅನ್ವಯವ್ಯತಿರೇಕಗಳಿಂದ ಕಂಡುಕೊಳ್ಳಬಹುದು. 'ಇದಿದ್ದರೆ ಅದುಂಟು' ಎಂಬುದು ಅನ್ವಯ. 'ಇದಿಲ್ಲದಿದ್ದರೆ ಅದಿಲ್ಲ' ಎಂಬುದು ವ್ಯತಿರೇಕ.

ಮೊದಲನೆಯ ಪರೀಕ್ಷೆಯು ಎಂಜಿನನ್ನು ಬಿಟ್ಟು ನಡೆಯತಕ್ಕದ್ದು. ಸಮನಾದ ನೆಲದಲ್ಲಿ ಗೇರನ್ನು ತೆಗೆದು, ಕೈಬ್ರೇಕನ್ನು ಬಿಟ್ಟು, ವಾಹನವನ್ನು ತಳ್ಳಿ ನೋಡಬೇಕು. ಸಣ್ಣ ಕಾರಾದರೆ ಇಬ್ಬರು ತಳ್ಳಿದರೆ ಉರುಳುವುದು. ಉರುಳದಿದ್ದರೆ ಪ್ರತಿಬಂಧಕವು ಚಕ್ರದ ಬಳಿಯಲ್ಲಿಯೇ ಇದೆ. ಮಳೆಗಾಲದಲ್ಲಿ ಕೈಬ್ರೇಕು ಹಾಕಿ ಹಲವು ದಿನ ನಿಲ್ಲಿಸಿದ ಗಾಡಿಗಳಲ್ಲಿ ಬ್ರೇಕಿನ ಲೈನರು ತುಕ್ಕು ಹಿಡಿದು ಡ್ರಮ್ಮಿಗೆ ಕಚ್ಚಿಕೊಂಡಿರುವುದುಂಟು. ಭಾರದ ಲಾರಿಯನ್ನು ತಳ್ಳಲಾಗದಾದ್ದರಿಂದ, ಉಳಿದ ಚಕ್ರಗಳಿಗೆ ಭದ್ರವಾಗಿ ಕಲ್ಲನ್ನೋ ಬೆಣೆಯನ್ನೋ ಕೊಟ್ಟು, ಒಂದೊಂದೇ ಚಕ್ರವನ್ನು ಜಾಕಿಯಿಂದೆತ್ತಿ ಕೈಯಿಂದ ತಿರುಗಿಸಿ ನೋಡಬೇಕಾಗುವುದು. ಗಾಡಿಯು ಸ್ವಲ್ಪ ದೂರ ಓಡಿ ಬಂದಿದ್ದರೆ, ಉಳಿದವುಗಳಿಗಿಂತ ಹೆಚ್ಚಾಗಿ ಕಾದಿರುವ ಚಕ್ರವು ತಾನೇ ತನ್ನ ಅಪರಾಧವನ್ನು ಹೇಳುವುದು.

ಲಾರಿಯ ಗಾಳಿಯ ಬ್ರೇಕಿನ ರೀತಿಯನ್ನು ಇಲ್ಲಿ ತಿಳಿದಿರಬೇಕು. ನಿಂತಾಗ ಹಿಂದಿನ ಚಕ್ರಗಳನ್ನು ಹಿಡಿದಿರುವುದು ಬಲವಾದ ಸ್ಪ್ರಿಂಗು; ಗಾಳಿಯ ಒತ್ತಡವು ಆ ಸ್ಪ್ರಿಂಗನ್ನು ಹಿಂದಕ್ಕೆ ತಳ್ಳಿದಾಗಲೇ ಚಕ್ರವು ಬಿಡುಗಡೆಯಾಗುವುದು. ಗಾಳಿಯು ಸೋರಿಹೋದರೆ ಗಾಡಿಯು ಓಡದೆ ನಿಲ್ಲಲೆಂಬುದೇ ಈ ರಚನೆಯ ಉದ್ದೇಶ. ಆದುದರಿಂದ ರಾತ್ರಿಯೆಲ್ಲ ನಿಂತ ಲಾರಿಯನ್ನು ಬೆಳಗ್ಗೆ ಹೊರಡಿಸುವ ಮೊದಲು ಒತ್ತಡದ ಮುಳ್ಳು ಸಾಕಷ್ಟು ಏರುವವರೆಗೆ ಕಾಯಬೇಕು. ಮುಳ್ಳು ಏರಿದರೂ ಒಂದು ಚಕ್ರದ ಪೆಟ್ಟಿಗೆಯೊಳಗಿನ ರಬ್ಬರಿನ ಪೊರೆ ಹರಿದಿದ್ದರೆ, ಅಥವಾ ಅಲ್ಲಿಗೆ ಹೋಗುವ ಕೊಳವೆಯು ಬಿರಿದಿದ್ದರೆ, ಆ ಒಂದು ಚಕ್ರವು ಪೂರ್ತಿಯಾಗಿ ಬಿಡುವುದಿಲ್ಲ. ಎಂಜಿನನ್ನು ನಿಲ್ಲಿಸಿ ಕಿವಿಗೊಟ್ಟರೆ ಗಾಳಿಯ ಸುಯ್ಯೆಂಬ ಸದ್ದು ಕೇಳುವುದು.

ಚಕ್ರಗಳು ಸರಾಗವಾಗಿದ್ದರೆ ಎರಡನೆಯ ಪರೀಕ್ಷೆ. ಗೇರು ಹಾಕಿ ಕ್ಲಚ್ಚನ್ನು ಮೆಲ್ಲನೆ ಬಿಡುವಾಗ ಎಂಜಿನಿನ ಧ್ವನಿಯನ್ನು ಗಮನಿಸಬೇಕು. ಧ್ವನಿಯು ಸ್ವಲ್ಪವೂ ತಗ್ಗದೆ ಗಾಡಿಯೂ ಮಿಸುಕದಿದ್ದರೆ ಸರಪಳಿಯು ಎಲ್ಲಿಯೋ ಕಡಿದಿದೆ. ಪ್ರೊಪೆಲ್ಲರ್ ಶಾಫ್ಟು ತಿರುಗುತ್ತಿದೆಯೇ ಎಂದು ಇನ್ನೊಬ್ಬನು ದೂರದಲ್ಲಿ ನಿಂತು ನೋಡಲಿ. ಅದು ತಿರುಗುತ್ತಿದ್ದು ಚಕ್ರವು ನಿಂತಿದ್ದರೆ ಹಿಂದಿನ ಅಚ್ಚಿನಲ್ಲಿ ದೋಷ. ಅದೂ ನಿಂತಿದ್ದರೆ ಕ್ಲಚ್ಚಿನಲ್ಲಿ ಅಥವಾ ಗೇರುಪೆಟ್ಟಿಗೆಯಲ್ಲಿ. ಕ್ಲಚ್ಚೊಂದನ್ನೇ ಪರೀಕ್ಷಿಸಲು, ಬ್ರೇಕುಗಳನ್ನು ಭದ್ರವಾಗಿ ಹಿಡಿದು ಮೂರನೆಯ ಗೇರಿನಲ್ಲಿ ಕ್ಲಚ್ಚನ್ನು ಬಿಡುವರು. ಎಂಜಿನು ಒಡನೆ ನಿಂತರೆ ಕ್ಲಚ್ಚು ಹಿಡಿಯುತ್ತಿದೆ. ತಿರುಗುತ್ತಲೇ ಇದ್ದರೆ ಜಾರುತ್ತಿದೆ. ಈ ಪರೀಕ್ಷೆಯನ್ನು ಪದೇ ಪದೇ ಮಾಡಿದರೆ ಪರೀಕ್ಷೆಯಿಂದಲೇ ಪ್ಲೇಟು ಸುಡುವುದು.

ಸಹಜವಾಗಿ ಸವೆದ ಕ್ಲಚ್ಚಿಗೆ ಆಯುರ್ವೇದದಲ್ಲಿ ಹೇಳುವಂತೆ ಪೂರ್ವರೂಪವುಂಟು. ಮೊದಲು ಏರಿನಲ್ಲಿ, ಮೇಲಿನ ಗೇರಿನಲ್ಲಿ, ಎಂಜಿನು ಕೂಗಿದರೂ ಗಾಡಿಯ ಓಟವು ಹೆಚ್ಚದಿರುವುದು ಕಾಣುವುದು. ಸಮನೆಲದಲ್ಲಿ ಹೊರಡಲಾರದಿರುವುದು ಕೊನೆಯ ಅವಸ್ಥೆ. ಪೂರ್ವರೂಪವಿಲ್ಲದೆ ಒಂದೇ ಬೆಳಗಿನಲ್ಲಿ ಸುಟ್ಟ ಕ್ಲಚ್ಚನ್ನು ಕಂಡರೆ ಬೇರೆ ಕಾರಣವನ್ನು ಶಂಕಿಸುವುದು ಯುಕ್ತ.

೬

ಧ್ವನಿಯು ತಗ್ಗಿ ಎಂಜಿನೇ ನಿಂತುಹೋದರೆ, ಅಥವಾ ಗಾಡಿಯು ತಡವರಿಸುತ್ತ ಹೊರಟರೆ, ಚಕ್ರಗಳು ಸರಾಗವೆಂದು ಮೊದಲೇ ನಿಶ್ಚಯವಾಗಿರುವ ಪಕ್ಷದಲ್ಲಿ, ವೈಕಲ್ಯವು ಎಂಜಿನಿನಲ್ಲಿಯೇ ಇದೆ. ದಹನಕ್ಕೆ ಬೇಕಾದ ಸಾಮಗ್ರಿಯು ಮೂರು ಬಗೆಯದು: ಇಂಧನ, ಗಾಳಿ, ಹೊತ್ತಿಸುವ ಹೇತು. ಪೆಟ್ರೋಲಿನ ಎಂಜಿನಿನಲ್ಲಿ ಹೊತ್ತಿಸುವುದು ಕಿಡಿ. ಡೀಸೆಲಿನಲ್ಲಿ ಒತ್ತಿದ ಗಾಳಿಯ ಶಾಖ. ಇಂಧನದ ಫಿಲ್ಟರು ಕಟ್ಟಿದ್ದರೆ ಸುಮ್ಮನೆ ತಿರುಗುವಾಗ ಬೇಕಾದಷ್ಟು ಇಂಧನವು ಬಂದರೂ ಹೊರಡುವಾಗ ಬೇಕಾದಷ್ಟು ಬರುವುದಿಲ್ಲ. ಆದುದರಿಂದ 'ನಿಂತಾಗ ಎಂಜಿನು ಚೆನ್ನಾಗಿ ಓಡುತ್ತದೆ' ಎಂಬುದು ಎಂಜಿನು ನಿರ್ದೋಷಿಯೆಂಬುದಕ್ಕೆ ಸಾಧಕಹೇತುವಲ್ಲ. ತಾರ್ಕಿಕರ ಮಾತಿನಲ್ಲಿ ಅದು ವ್ಯಭಿಚಾರಿಯಾದ ಹೇತು.

ಹೊಸ ವಾಹನಗಳಲ್ಲಿ ಆಕ್ಸಿಲರೇಟರಿಗೂ ಎಂಜಿನಿಗೂ ನಡುವೆ ತಂತಿಯ ಬದಲು ಸೆನ್ಸರುಗಳೂ ಒಂದು ಗಣಕವೂ ಇರುವುವು. ಭಾರತದಲ್ಲಿ ಏಪ್ರಿಲ್ ೨೦೨೦ರಿಂದ ಜಾರಿಗೆ ಬಂದ ಬಿಎಸ್ ಆರು ಎಂಬ ಹೊಗೆಯ ನಿಯಮದಿಂದ ಇವುಗಳ ಸಂಖ್ಯೆಯು ಹೆಚ್ಚಿತು. ಡೀಸೆಲಿನ ಹೊಗೆಯನ್ನು ಶೋಧಿಸುವ ಫಿಲ್ಟರಿನಲ್ಲಿ ಮಸಿಯು ಕಟ್ಟಿದರೆ ಗಣಕವು ಎಂಜಿನಿನ ಬಲವನ್ನು ಬೇಕೆಂದೇ ತಗ್ಗಿಸುವುದುಂಟು. ತಾನಾಗಿಯೇ ಗೇರು ಬದಲಿಸುವ ಕಾರುಗಳಲ್ಲಿ ಗೇರಿನ ಎಣ್ಣೆಯು ಕಡಿಮೆಯಾದರೆ ಗಾಡಿಯು ಕ್ಷಣಕಾಲ ಯೋಚಿಸಿದಂತೆ ನಿಂತು ಬಳಿಕ ಎಗರುವುದು. ವಿದ್ಯುತ್ತಿನಿಂದ ನಡೆಯುವ ವಾಹನವಾದರೋ ಉಗಿಬಂಡಿಯಂತೆ ನಿಂತಲ್ಲಿಂದಲೇ ಬಲವನ್ನು ಕೊಡಬಲ್ಲುದು. ಅದಕ್ಕೆ ಕ್ಲಚ್ಚು ಬೇಕಿಲ್ಲ. ಆದರೂ ಅನೇಕ ವಿದ್ಯುತ್ ಸ್ಕೂಟರುಗಳು ಪಕ್ಕದ ಸ್ಟಾಂಡು ಕೆಳಗಿದ್ದರೆ ಹೊರಡುವುದಿಲ್ಲ. ಸವಾರನು ಬೀಳದಿರಲೆಂದು ಬುದ್ಧಿಪೂರ್ವಕವಾಗಿ ಇಟ್ಟ ಪ್ರತಿಬಂಧಕವದು. ಮಣಿಯ ದೃಷ್ಟಾಂತಕ್ಕೆ ಇದಕ್ಕಿಂತ ಸಮೀಪವಾದ ಉದಾಹರಣೆಯು ದೊರೆಯದು.

೭

ಇಲ್ಲಿ ಒಂದು ಆಕ್ಷೇಪವು ಬರಬಹುದು. ಗಣಕವೇ ದೋಷದ ಸಂಖ್ಯೆಯನ್ನು ಹೇಳುತ್ತಿರುವಾಗ ಈ ತರ್ಕವೇಕೆ? ಇದಕ್ಕೆ ಸಮಾಧಾನವೇನೆಂದರೆ, ಗಣಕವು ಯಾವ ಸೆನ್ಸರಿನ ಮಾತು ಅಸಂಗತವೆಂಬುದನ್ನು ಹೇಳುವುದು. ಏಕೆ ಅಸಂಗತವೆಂಬುದನ್ನು ಮನುಷ್ಯನೇ ವಿಚಾರಿಸಬೇಕು. ಇಂಧನದ ಒತ್ತಡವು ಕಡಿಮೆಯೆಂದು ತಿಳಿಸಿದಾಗ ಫಿಲ್ಟರು ಕಟ್ಟಿರಬಹುದು, ಪಂಪು ಸೋತಿರಬಹುದು, ತಂತಿಯು ಸಡಿಲಿರಬಹುದು, ಸೆನ್ಸರೇ ಕೆಟ್ಟಿರಬಹುದು. ಸೆನ್ಸರಿನ ಹೆಸರು ಬಂದಿತೆಂದು ಸೆನ್ಸರನ್ನೇ ಬದಲಿಸುವವನಿಗೂ ಕ್ಲಚ್ಚು ಸುಟ್ಟಿತೆಂದು ಕ್ಲಚ್ಚನ್ನೇ ಬದಲಿಸುವವನಿಗೂ ಭೇದವಿಲ್ಲ.

ಎರಡನೆಯ ಆಕ್ಷೇಪ: ಶಾಸ್ತ್ರವನ್ನೋದದ ಮೆಕ್ಯಾನಿಕರು ದಿನವೂ ಸರಿಯಾಗಿ ದುರಸ್ತಿ ಮಾಡುತ್ತಿರುವಾಗ ಸಂಸ್ಕೃತದ ಪರಿಭಾಷೆಯಿಂದ ಲಾಭವೇನು? ಅವರ ಕೌಶಲವು ನಿಸ್ಸಂದೇಹ. ಆದರೆ ಬಲ್ಲವನು ಬಲ್ಲುದನ್ನು ಶಿಷ್ಯನಿಗೆ ಹೇಳಬೇಕಾದಾಗ ಮಾತು ಬೇಕು. ಮಡಕೆಗೆ ಮಣ್ಣನ್ನು ಹೊತ್ತು ತಂದ ಕತ್ತೆಯು ಮಡಕೆಯ ಕಾರಣವಲ್ಲ, ಅನ್ಯಥಾಸಿದ್ಧವೆಂದು ನೈಯಾಯಿಕರು ಹೇಳುವರು. 'ನಿನ್ನೆ ಆ ಬಂಕಿನಲ್ಲಿ ಡೀಸೆಲು ಹಾಕಿಸಿದೆ, ಇಂದು ಗಾಡಿ ಹೊರಡಲಿಲ್ಲ' ಎಂದು ದೂರುವ ಚಾಲಕನ ಮಾತಿನಲ್ಲಿ ಡೀಸೆಲು ಕಾರಣವೋ ಕುಂಬಾರನ ಕತ್ತೆಯೋ ಎಂದು ಕೇಳುವುದನ್ನು ಶಿಷ್ಯನು ಕಲಿತರೆ ಅವನ ವಿದ್ಯೆಯು ಒಂದೇ ಗಾಡಿಗೆ ಸೀಮಿತವಾಗಿ ಉಳಿಯುವುದಿಲ್ಲ. ಪರಿಭಾಷೆಯ ಪ್ರಯೋಜನವು ಇಷ್ಟೇ. ಕೀಲೆಣ್ಣೆ, ಅಚ್ಚು, ಸನ್ನೆಕೋಲುಗಳಂತಹ ದೇಶ್ಯಪದಗಳೂ ಕ್ಲಚ್ಚು, ಗೇರುಗಳಂತಹ ಅನ್ಯದೇಶ್ಯಪದಗಳೂ ಅಂಗಗಳ ಹೆಸರಿಗೆ ಸಾಕು; ಅವುಗಳನ್ನು ಸಂಸ್ಕೃತದಿಂದ ಬದಲಿಸುವ ಶ್ರಮವು ವ್ಯರ್ಥ. ಅಂಗಗಳ ಸಂಬಂಧವನ್ನು ಹೇಳುವಲ್ಲಿ ಮಾತ್ರ ಶಾಸ್ತ್ರದ ಪದಗಳು ನೆರವಾಗುವುವು.

೮

ದೃಷ್ಟಾಂತದ ಲಾರಿಗೆ ಹಿಂದಿರುಗಬಹುದು. ಅದು ಕ್ಲಚ್ಚು ಬಿಟ್ಟಾಗ ಮೈಜಗ್ಗಿತು. ಆದುದರಿಂದ ಬಲವು ಚಕ್ರವನ್ನು ಮುಟ್ಟ���ತ್ತು, ಸರಪಳಿಯು ಕಡಿದಿರಲಿಲ್ಲ. ಎಂಜಿನು ಸೊರಗಲಿಲ್ಲ, ಆದುದರಿಂದ ದಹನದ ಸಾಮಗ್ರಿಯೂ ಪೂರ್ಣವಾಗಿತ್ತು. ಹಿಂದೆ ಏರಿನಲ್ಲಿ ಕ್ಲಚ್ಚು ಜಾರಿದ ಪೂರ್ವರೂಪವಿರಲಿಲ್ಲ. ಉಳಿದುದು ಪ್ರತಿಬಂಧಕವೊಂದೇ. 'ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು' ಎಂಬ ಗಾದೆಯಂತೆ ಎಂಜಿನು ಮುಂದಕ್ಕೂ ಒಂದು ಚಕ್ರದ ಬ್ರೇಕು ಹಿಂದಕ್ಕೂ ಎಳೆಯುತ್ತಿದ್ದುವು. ನಡುವೆ ಸಿಕ್ಕಿದ ಕ್ಲಚ್ಚು ಸುಟ್ಟಿತು. ಮೊದಲನೆಯ ಪರೀಕ್ಷೆಯನ್ನು ಮೊದಲು ಮಾಡಿದ್ದರೆ, ಜಾಕಿಯಿಂದೆತ್ತಿದ ನಾಲ್ಕನೆಯ ಚಕ್ರವೋ ಐದನೆಯ ಚಕ್ರವೋ ಕೈಗೆ ತಿರುಗದೆ ನಿಲ್ಲುತ್ತಿತ್ತು. ಕಿವಿಯನ್ನು ಹತ್ತಿರ ತಂದರೆ ಹರಿದ ಪೊರೆಯಿಂದ ಗಾಳಿಯು ಸೋರುವ ಸದ್ದು ಕೇಳುತ್ತಿತ್ತು. ಬೇಕಾಗಿದ್ದುದು ಒಂದು ರಬ್ಬರಿನ ಪೊರೆ. ತೆತ್ತುದು ಎರಡು ಕ್ಲಚ್ಚಿನ ಪ್ಲೇಟುಗಳ ಬೆಲೆ.

ಹೊರಡದ ವಾಹನದ ಮುಂದೆ ನಿಂತವನು ಬಲವನ್ನು ಹೆಚ್ಚಿಸುವ ಮೊದಲು, ಏನಿಲ್ಲವೆಂದು ಕೇಳುವ ಮೊದಲು, ಏನು ಹಿಡಿದಿದೆಯೆಂದು ಕೇಳತಕ್ಕದ್ದು.